ಚುಚ್ಚಣ್ಣನ ಪಕ್ಕೆಯ ಕಾಳು

“ಯಾವ ಬಡ್ಡೀಮಗ ಈ ತೂತು ಮುಚ್ಚದೆ ಬಿಟ್ಟಿದ್ದು?”

ಬಚ್ಚಲಲ್ಲಿ ಉತ್ತರ ಕೊಡಲು ಯಾರೂ ಇರಲಿಲ್ಲ. ಒಂದು ಬಕೆಟ್ಟು, ಒಂದು ಮಗ್ಗು, ಹೆಂಡತಿಯ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ ಒಂದು ಕನ್ನಡಿ. ಆ ಕನ್ನಡಿಯಲ್ಲಿ ಚುಚ್ಚಣ್ಣನಿಗೆ ತನ್ನ ಮುಖ ಎಂದೂ ಕಂಡಿರಲಿಲ್ಲ. ಗದ್ದದಿಂದ ಹೊಕ್ಕುಳವರೆಗಿನ ಭಾಗವಷ್ಟೇ ಅವನ ಪಾಲಿನದು. ಇವತ್ತು ಅಷ್ಟೇ ಸಾಕಾಯಿತು. ಬಲಪಕ್ಕೆಯಲ್ಲಿ, ಕೆಳಗಿನ ಎರಡು ಎಲುಬುಗಳ ನಡುವೆ, ಚರ್ಮದೊಳಗಿಂದ ಒಂದು ಕಾಳು ತಲೆಯೆತ್ತಿ ನೋಡುತ್ತಿತ್ತು. ಒತ್ತಿದ, ನೋವಿಲ್ಲ. ಜರುಗಿಸಿದ, ಜರುಗಲಿಲ್ಲ. ಸಾಸಿವೆಗಿಂತ ದೊಡ್ಡದು, ಹೆಸರುಕಾಳಿಗಿಂತ ಚಿಕ್ಕದು, ಬಣ್ಣ ಮಾತ್ರ ಯಾವ ಧಾನ್ಯದ್ದೂ ಅಲ್ಲ.

ತೂತಿನ ಈ ಪ್ರಶ್ನೆಯನ್ನು ಅವನು ಧಾನ್ಯದ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಕೇಳಿದ್ದ. ಅಲ್ಲಿ ಅವನ ಕೆಲಸ ಮೂಟೆ ಚುಚ್ಚುವುದು. ಹೆಬ್ಬೆರಳಿನಷ್ಟು ದಪ್ಪದ, ತುದಿ ಚೂಪಾದ, ಒಂದು ಮಗ್ಗುಲು ಸೀಳಿದ ಉಕ್ಕಿನ ಕೊಳವೆ. ಗೋಣಿಗೆ ಚುಚ್ಚಿ, ಹೊರಳಿಸಿ, ಎಳೆದರೆ ಒಂದು ಹಿಡಿ ಕಾಳು ಅಂಗೈಗೆ ಬೀಳುತ್ತದೆ. ಲಾರಿ ಬಂದರೆ ಹತ್ತಕ್ಕೊಂದು ಮೂಟೆ, ಒಂದೊಂದು ಮೂಟೆಗೂ ಮೇಲೆ, ನಡು, ಬುಡ ಎಂದು ಮೂರು ಚುಚ್ಚು. ಕಾಳನ್ನು ನೋಡಿ, ಮೂಸಿ, ಒಂದನ್ನು ಮುಂದಿನ ಹಲ್ಲಿನಲ್ಲಿ ಕಡಿದು ‘ಒಂದು’, ‘ಎರಡು’, ಇಲ್ಲವೇ ‘ವಾಪಸ್ಸು’ ಎಂದು ಕೂಗಿದರೆ ಆಯಿತು, ಮಾಲೀಕ ಕಾಲಿಗೆ ಬಿದ್ದರೂ ದರ್ಜೆ ಬದಲಾಗುವಂತಿಲ್ಲ. ಕೊಳವೆ ಎಳೆದ ಮೇಲೆ ಅದರ ತುದಿಯಿಂದಲೇ ಗೋಣಿಯ ಎಳೆಗಳನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಕೆರೆದು ತೂತು ಮುಚ್ಚಬೇಕು. ಮರೆತರೆ ಮೊದಲು ಒಂದೇ ಒಂದು ಕಾಳು ತೂತಿನ ಬಾಯಿಗೆ ಬಂದು ನಿಲ್ಲುತ್ತದೆ, ಕಿಟಕಿಯಿಂದ ಬೀದಿಗೆ ಇಣುಕುವ ಮುದುಕಿಯ ಹಾಗೆ. ಅದರ ಬೆನ್ನಿಗೆ ಅರ್ಧ ಮೂಟೆ ಹೊರಡಲು ತಯಾರಾಗಿರುತ್ತದೆ.

ಗೋದಾಮಿನ ಹಮಾಲರು ಇಟ್ಟ ಹೆಸರು ಚುಚ್ಚಣ್ಣ. ನಿವೃತ್ತಿಯಾಗಿ ಆರು ವರ್ಷವಾದರೂ ಅದು ಉದುರಿರಲಿಲ್ಲ.

ಪಕ್ಕೆಯ ಕಾಳು ಎಲ್ಲಿಂದ ಬಂತೆಂದು ತಿಳಿಯಲು ಅವನಿಗೆ ಯಾವ ಡಾಕ್ಟರೂ ಬೇಕಾಗಲಿಲ್ಲ. ಇಪ್ಪತ್ತು ತಿಂಗಳ ಹಿಂದೆ ಸೂಜಿ ಒಳಗೆ ಹೋದದ್ದು ಇದೇ ಜಾಗದಲ್ಲಿ.

ಆಗ ಲಿವರಿನಲ್ಲಿ ಗಡ್ಡೆ ಕಂಡಿತ್ತು. ಆಪರೇಷನ್ ಮಾಡುವ ದೊಡ್ಡ ಡಾಕ್ಟರಿಗೆ ಚುಚ್ಚಣ್ಣ ಕೊಟ್ಟ ಹೆಸರು ಕತ್ತರಿ ಡಾಕ್ಟರು. ಅವರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಸುತ್ತುಬಳಸದೆ, ಇದು ಕ್ಯಾನ್ಸರೇ ಎಂದಿದ್ದರು. ಚಿತ್ರವೂ ಅದನ್ನೇ ಹೇಳುತ್ತಿದೆ, ರಕ್ತವೂ ಅದನ್ನೇ ಹೇಳುತ್ತಿದೆ, ಮುಂದಿನ ವಾರ ಕತ್ತರಿಸಿ ತೆಗೆದುಬಿಡೋಣ. ಹೆಂಡತಿ ಆ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ ರಿಪೋರ್ಟಿನ ಸಾಲಿನಲ್ಲಿ ನಿಂತಿದ್ದಳು.

“ಚುಚ್ಚಿ ನೋಡಲ್ವಾ?” ಎಂದ ಚುಚ್ಚಣ್ಣ.

“ಬೇಕಾಗಿಲ್ಲ. ಸೂಜಿ ಹಾಕಿದ್ರೆ, ವಾಪಸ್ ಬರೋ ದಾರೀಲಿ ಅದು ನಾಲ್ಕು ಕಣ ಉದುರಿಸಿಕೊಂಡು ಬರಬಹುದು. ನೂರಕ್ಕೆ ಇಬ್ಬರು ಮೂವರಿಗೆ ಹಾಗಾಗತ್ತೆ. ಎಲ್ಲ ಇಷ್ಟು ಸ್ಪಷ್ಟ ಇರೋವಾಗ ಅದೆಲ್ಲ ಯಾಕೆ?”

“ಡಾಕ್ಟ್ರೇ, ಲಾರಿ ಮೇಲಿನ ಟಾರ್ಪಾಲು ನೋಡಿ ಗೋಧಿ ದರ್ಜೆ ಹೇಳೋನು ಕಳ್ಳ. ನಾನು ಹೇಳ್ತಿಲ್ಲ, ನನ್ನ ಮೂವತ್ತೊಂದು ವರ್ಷ ಹೇಳ್ತಿದೆ. ಚುಚ್ಚದೆ ನನ್ನ ಹೊಟ್ಟೆ ಕುಯ್ಯೋಕೆ ನಾನು ಬಿಡಲ್ಲ.”

ಕತ್ತರಿ ಡಾಕ್ಟರು ಎರಡು ಸಲ ತಿಳಿಹೇಳಿದರು. ಮೂರನೆಯ ಸಲ ಪೆನ್ನು ತೆಗೆದು ಕಡತದಲ್ಲಿ ‘ರೋಗಿಯ ಒತ್ತಾಯದ ಮೇಲೆ’ ಎಂದು ಬರೆದರು. ಚುಚ್ಚಣ್ಣ ಕೆಳಗೆ ಸಹಿ ಹಾಕಿದ, ಗೋದಾಮಿನಲ್ಲಿ ಹಾಕುತ್ತಿದ್ದಂತೆ, ಕೊನೆಗೊಂದು ಚುಕ್ಕಿ ಇಟ್ಟು.

ಸೂಜಿಯ ಕೋಣೆಯಲ್ಲಿದ್ದ ಡಾಕ್ಟರಮ್ಮ ತೀರಾ ಚಿಕ್ಕ ವಯಸ್ಸಿನವಳು, ಮಾತಿಗೆ ಮುಂಚೆ ನಗುವವಳು. ಅವಳೂ ಕೇಳಿದಳು, “ನಿಜವಾಗ್ಲೂ ಬೇಕಾ ಇದು ನಿಮಗೆ?”

“ಬೇಕಮ್ಮ. ಒಂದೇ ಕಡೆ ಚುಚ್ಚಿ ನಿಲ್ಲಿಸಬೇಡ, ಎರಡು ಕಡೆ ಚುಚ್ಚು. ಆಮೇಲೆ ತೂತು ಮುಚ್ಚೋದು ಮರೀಬೇಡ.”

ಅವಳು ನಕ್ಕು, ಚುಚ್ಚಿ, ಒಂದು ಪಟ್ಟಿ ಅಂಟಿಸಿದ್ದಳು. ಚುಚ್ಚಣ್ಣ ತನ್ನ ನಮೂನೆಯನ್ನು ತೋರಿಸೆಂದು ಹಟಹಿಡಿದು ನೋಡಿದ: ಗಾಜಿನ ಸೀಸೆಯಲ್ಲಿ ದಾರದಂಥ ಎರಡು ತುಣುಕು. ಮೂಸಲು ಅವಳು ಬಿಡಲಿಲ್ಲ.

ಹೆಂಡತಿ ರಿಪೋರ್ಟು ಹಿಡಿದು ಮೇಲೆ ಬಂದಾಗ, “ಚುಚ್ಚಲೇಬೇಕು ಅಂದ್ರು ಕಣೇ ಡಾಕ್ಟ್ರು, ಚುಚ್ಚಿಬಿಟ್ರು” ಎಂದ. ದೊಡ್ಡ ಸುಳ್ಳೇನಲ್ಲ, ಬೈಗುಳ ತಪ್ಪಿಸಿಕೊಳ್ಳುವಷ್ಟು ಅಳತೆಯದು. ಆಮೇಲೆ ಆಪರೇಷನ್ ಆಯಿತು, ಲಿವರಿನ ಒಂದು ಹೋಳು ಹೋಯಿತು, ಪ್ರಾಣ ಉಳಿಯಿತು, ಸುಳ್ಳೂ ಉಳಿಯಿತು. ಆಪರೇಷನ್ನಿನ ಹಿಂದಿನ ದಿನ ಅವನು ಹೆಂಡತಿಗೆ ಹೇಳಿದ್ದ: “ಮೇಲಿರೋನೂ ಹತ್ತಕ್ಕೊಂದು ಮೂಟೆ ಚುಚ್ಚೋನೇ ಕಣೇ. ಈ ಸಲ ನನ್ನ ನಂಬರು ಬಂದಿದೆ.” ಅದಕ್ಕವಳು, “ನಿಮ್ಮನ್ನ ಮೂಸಿ ನೋಡಿದ್ರೆ ವಾಪಸ್ ಕಳಿಸ್ತಾನೆ, ಹೆದರಬೇಡಿ” ಎಂದಿದ್ದಳು. ಹಾಗೆಯೇ ಆಯಿತೆಂದು ಇಬ್ಬರೂ ನಂಬಿದ್ದರು.

ಈಗ ನೋಡಿದರೆ, ಇಣುಕುವ ಕಾಳು.

ಚುಚ್ಚಣ್ಣ ಆರು ವಾರ ಬಾಯಿ ಬಿಡಲಿಲ್ಲ. ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ತಿರುಗಿದ. ದಿನಾ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ದರ್ಜೆ ಕಟ್ಟಿದ. ಮೂರನೆಯ ವಾರಕ್ಕೆ ಹೆಸರುಕಾಳು. ಐದನೆಯ ವಾರಕ್ಕೆ ಕಡಲೆ, ಅದೂ ಚೊಕ್ಕ ಕಡಲೆ, ಹುಳುಕಿಲ್ಲದ್ದು. ಡಾಕ್ಟರಿಗೆ ತೋರಿಸಬೇಕೆಂದು ಗೊತ್ತಿತ್ತು. ತೋರಿಸಿದರೆ ಕಡತ ತೆರೆಯುತ್ತಾರೆ, ಕಡತದಲ್ಲಿ ಚುಕ್ಕಿಯಿಟ್ಟ ಸಹಿ ಇದೆ ಎಂಬುದೂ ಗೊತ್ತಿತ್ತು. ಸಾವಿನ ಭಯವೊಂದು ಕಡೆ, ಹೆಂಡತಿಯ ಮುಂದೆ ‘ನಾನೇ ಕೇಳಿ ಚುಚ್ಚಿಸಿಕೊಂಡೆ’ ಎನ್ನುವ ಭಯವೊಂದು ಕಡೆ. ತಕ್ಕಡಿಯಲ್ಲಿಟ್ಟರೆ ಎರಡನೆಯದೇ ಕೆಳಗೆ ಕೂರುತ್ತಿತ್ತು.

ಹೆಂಡತಿ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಕಿವಿ ಚುರುಕು, ಮಾತು ಚುಟುಕು. ಬೆಳಿಗ್ಗೆ ಅಡಿಗೆಮನೆಯಲ್ಲಿ ದೇವರ ಪದ್ಯಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಾಳೆ. ಚಿಕ್ಕಂದಿನಲ್ಲಿ ಅಪ್ಪ ಹೇಳುವುದನ್ನು ಕೇಳಿ ಕೇಳಿ ನಾಲಿಗೆಯಲ್ಲಿ ಕೂತುಬಿಟ್ಟ ಪದ್ಯಗಳು. ಆ ಮನೆಯಲ್ಲಿ ಗಡಿಯಾರಕ್ಕಿಂತ ಅವೇ ನಿಖರ. ಒಲೆಯ ಮೇಲೆ ಹಾಲಿಟ್ಟು ಶುರುಮಾಡಿದರೆ ಏಳನೆಯ ಪದ್ಯದ ಮೂರನೆಯ ಸಾಲಿಗೆ ಹಾಲು ಏಳುತ್ತದೆ, ನಾಲ್ಕನೆಯ ಸಾಲು ಹೇಳುತ್ತಲೇ ಕೈ ಉರಿ ತಗ್ಗಿಸುತ್ತದೆ. ಭಕ್ತಿಗೂ ಹಾಲಿಗೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಜಗಳವಾದದ್ದಿಲ್ಲ.

ಆ ದಿನ ಚುಚ್ಚಣ್ಣ ಟವೆಲು ಮರೆತು ಬಚ್ಚಲಿಂದ ಹೊರಗೆ ಬಂದ. ಅವಳು ಏಳನೆಯ ಪದ್ಯದಲ್ಲಿದ್ದಾಳೆ, ಇನ್ನೆರಡು ಸಾಲು ಬೆನ್ನು ಹಾಕಿಯೇ ಇರುತ್ತಾಳೆ ಎಂಬ ಲೆಕ್ಕ ಹಾಕಿದ್ದ. ಅವಳು ಟವೆಲು ಕೊಡಲೆಂದೇ ತಿರುಗಿದಳು. ಪದ್ಯ ಮೂರನೆಯ ಸಾಲಿನ ನಡುವೆ ತುಂಡಾಯಿತು. ಹಾಲು ಒಲೆಯ ಮೇಲೆಲ್ಲ ಹರಿಯಿತು.

“ಏನ್ರೀ ಅದು?”

“ಗುಳ್ಳೆ.”

“ಕೈ ತೆಗೀರಿ.”

“ಸೆಖೆ ಗುಳ್ಳೆ ಕಣೇ.”

“ನಾಲ್ಕು ದಿನದಿಂದ ಸ್ವೆಟರ್ ಹಾಕ್ಕೊಂಡು ಮಲಗ್ತಿದೀರಾ, ಸೆಖೆ ಎಲ್ಲಿಂದ ಬಂತು? ಎಷ್ಟು ದಿನ ಆಯ್ತು?”

“ಹೆಸರುಕಾಳಾಗಿ ಮೂರು ವಾರ” ಎಂದುಬಿಟ್ಟ, ಬಾಯಿ ತಪ್ಪಿ.

ಅವಳು ಒಲೆ ಆರಿಸಿದಳು. ತುಂಡಾದ ಸಾಲನ್ನು ಸಣ್ಣ ದನಿಯಲ್ಲಿ ಪೂರ್ತಿ ಮಾಡಿದಳು, ದೇವರದೇನೂ ತಪ್ಪಿಲ್ಲವಲ್ಲ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದಳು. ಅದಾದ ಮೇಲೆ, ಚುಚ್ಚಣ್ಣ ಬೇಡ ಬೇಡವೆಂದರೂ, ತಮ್ಮನಿಗೆ.

ತಮ್ಮ ಎಂದರೆ ಬೀದಿಯವರೆಲ್ಲ ‘ಅರ್ಜಿ’ ಎಂದು ಕರೆಯುವವನು. ಎರಡು ಬೀದಿ ಆಚೆ ಮನೆ. ಅಂಚೆ ಕಚೇರಿಯ ಗುಮಾಸ್ತನಾಗಿದ್ದವನು, ಈಗ ಪೂರ್ತಿ ಹೊತ್ತು ಅರ್ಜಿ ಬರೆಯುತ್ತಾನೆ: ಬೀದಿ ದೀಪ ಮಿಣುಕುವುದರ ಮೇಲೆ, ಬಸ್ಸಿನ ಹಾರ್ನಿನ ಮೇಲೆ, ಬ್ರೆಡ್ಡಿನ ಹೋಳುಗಳು ತೆಳ್ಳಗಾಗಿರುವುದರ ಮೇಲೆ. ಒಂದು ಅರ್ಜಿಗೆ ಆರು ಪ್ರತಿ, ಆರು ಕಚೇರಿಗೆ. ಚುಚ್ಚಣ್ಣ ಮದುವೆಯಾದ ವರ್ಷವೇ ಈ ಭಾಮೈದನಿಗೆ ದರ್ಜೆ ಕೊಟ್ಟಿದ್ದ: ಜೊಳ್ಳು. ‘ಚುಚ್ಚಿ ನೋಡದೆ ಬರೆಯೋನು’ ಎಂದು ನೆಂಟರ ಎದುರಿಗೆಲ್ಲ ಛೇಡಿಸಿದ್ದ. ಅರ್ಜಿ ನಗುತ್ತಿದ್ದ, ಆದರೆ ಮರೆಯುವ ಜಾತಿಯಲ್ಲ.

ಆಸ್ಪತ್ರೆಗೆ ಮೂವರೂ ಹೋದರು. ಮೊದಲು ಸ್ಕ್ಯಾನು, ಆಮೇಲೆ ಎರಡು ಗಂಟೆ ಬೆಂಚು. ಬೆಂಚಿನ ಒಂದು ಕಾಲು ಗಿಡ್ಡವೆಂದು ಅರ್ಜಿ ಅಲ್ಲೇ ಗುರುತು ಹಾಕಿಕೊಂಡ. ಕತ್ತರಿ ಡಾಕ್ಟರು ಚುಚ್ಚಣ್ಣನನ್ನು ಮಂಚದ ಮೇಲೆ ಮಲಗಿಸಿ, ಕಾಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, ಪಕ್ಕದ ಕೋಣೆಯಿಂದ ಸೂಜಿ ಡಾಕ್ಟರಮ್ಮನನ್ನು ಕರೆಸಿದರು. ಅವಳು ನಗುತ್ತಲೇ ಬಂದಳು. ಬಾಗಿ ನೋಡಿದಳು. ನಗು ಇಳಿಯಿತು.

“ಇದು ನನ್ನ ಸೂಜಿ ಹೋದ ಜಾಗ” ಎಂದಳು.

“ಹೌದು” ಎಂದರು ಕತ್ತರಿ ಡಾಕ್ಟರು. ಹೆಂಡತಿಯ ಕಡೆ ತಿರುಗಿ ಬಿಡಿಸಿ ಹೇಳಿದರು. ಒಳಗಿನ ಲಿವರು ಚೆನ್ನಾಗಿದೆ, ಸ್ಕ್ಯಾನಿನಲ್ಲಿ ಬೇರೆಲ್ಲೂ ಏನೂ ಕಾಣುತ್ತಿಲ್ಲ. ಆವತ್ತು ಸೂಜಿ ಹೊರಗೆ ಬರುವಾಗ ಗಡ್ಡೆಯ ಕೆಲವು ಕಣ ಚರ್ಮದ ಹತ್ತಿರ ಉಳಿದು ಬೆಳೆದಿವೆ. ಮಂಗಳವಾರ ಇದನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ತೆಗೆಯುವುದು. ಆಮೇಲೆ ಮೂರು ತಿಂಗಳಿಗೊಮ್ಮೆ ನೋಡುತ್ತಾ ಇರುವುದು. “ಬೇಗ ಬಂದಿದ್ರೆ ಇನ್ನೂ ಚಿಕ್ಕದಾಗಿ ಮುಗೀತಿತ್ತು. ಈಗಲೂ ತಡ ಆಗಿಲ್ಲ.”

“ಅಂದ್ರೆ ಒಳಗಿದ್ದ ರೋಗಾನ ನೀವೇ ಹೊರಗೆ ತಂದು ನೆಟ್ಟಿರಿ” ಎಂದ ಅರ್ಜಿ.

“ತಮ್ಮಾ, ಸುಮ್ನಿರು” ಎಂದಳು ಅಕ್ಕ.

“ಸುಮ್ನೆ ಯಾಕಿರ್ಲಿ ಅಕ್ಕಾ? ಚುಚ್ಚೋದು ಬೇಕಿತ್ತಾ ಅಂತ ಕೇಳ್ತಿದೀನಿ ಅಷ್ಟೆ. ಹೇಳಮ್ಮಾ, ಬೇಕಿತ್ತಾ?”

ಡಾಕ್ಟರಮ್ಮ ಬಾಯಿ ತೆರೆದಳು. ಕತ್ತರಿ ಡಾಕ್ಟರನ್ನು ನೋಡಿದಳು. ಅವರು ಚುಚ್ಚಣ್ಣನನ್ನು ನೋಡಿದರು. ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲೂ ಸಿಗುತ್ತಿರಲಿಲ್ಲ. ಚುಚ್ಚಣ್ಣ ಅಂಗಿ ಎತ್ತಿಕೊಂಡು ಮಲಗಿದ್ದವನು ಮಾಡಿನ ಫ್ಯಾನನ್ನು ನೋಡಿದ. ಫ್ಯಾನಿಗೆ ಮೂರು ರೆಕ್ಕೆ. ಮೂರೂ ಎಣಿಸಿದ. ಇನ್ನೊಮ್ಮೆ ಎಣಿಸಿದ.

“ಕಡತದಲ್ಲಿ ಎಲ್ಲಾ ಇದೆ” ಎಂದರು ಕತ್ತರಿ ಡಾಕ್ಟರು ಕೊನೆಗೆ. “ನಮ್ಮ ನಮ್ಮಲ್ಲಿ ಆದ ಮಾತು, ಇವರು ಒಪ್ಪದೆ ನಾನು ಬೇರೆಯವರ ಮುಂದೆ ಹೇಳೋ ಹಾಗಿಲ್ಲ. ಇವರನ್ನೇ ಕೇಳಿ.”

“ಭಾವನ್ನ ಏನ್ ಕೇಳೋದು? ಮೂಟೆ ಥರ ಮಲಗಿದ್ರು, ನೀವು ಚುಚ್ಚಿದ್ರಿ” ಎಂದ ಅರ್ಜಿ.

ಡಾಕ್ಟರಮ್ಮ ಹೊರಗೆ ಹೋಗುವಾಗ ಬಾಗಿಲ ಹತ್ತಿರ ನಿಂತು, “ನಂಗೆ ತುಂಬಾ ಬೇಜಾರಾಗ್ತಿದೆ” ಎಂದಳು. ಅವನಿಗೇ ಹೇಳಿದಳು. ಚುಚ್ಚಣ್ಣ ‘ಹ್ಞೂಂ’ ಎಂದ. ಆ ‘ಹ್ಞೂಂ’ ಅವನಿಗೇ ಅಸಹ್ಯವಾಗಿ ಕೇಳಿಸಿತು, ಒದ್ದೆ ಮೂಟೆಯ ಮುಗ್ಗುಲು ವಾಸನೆಯ ಹಾಗೆ.

ಮರುದಿನ ಮಧ್ಯಾಹ್ನ ಊಟವಾದದ್ದೇ ಅರ್ಜಿ ಕೈಚೀಲದ ಸಮೇತ ಬಂದ. ಊಟದ ಮೇಜು ಒರೆಸಿ, ಅದರ ಮೇಲೆ ದಿನಪತ್ರಿಕೆ ಹಾಸಿ, ಕಾಗದ ಜೋಡಿಸಿ, ಕನ್ನಡಕ ಏರಿಸಿ ಬರೆಯತೊಡಗಿದ. ಬರೆದದ್ದನ್ನು ಓದದೆ ಬಿಡುವವನಲ್ಲ.

“‘ಸದರಿ ನನ್ನ ಭಾವನವರ ಸದರಿ ಬಲಪಕ್ಕೆಯಲ್ಲಿ ಸದರಿ ವೈದ್ಯೆಯು ಸದರಿ ಸೂಜಿಯನ್ನು...’”

“ಇಷ್ಟು ಸದರಿ ಹಾಕಿದ್ರೆ ನನ್ನ ಪಕ್ಕೆ ಎಲ್ಲಿದೆ ಅಂತ ನಂಗೇ ಮರ್ತುಹೋಗತ್ತೆ” ಎಂದ ಚುಚ್ಚಣ್ಣ.

“ನಗಬೇಡಿ ಭಾವ. ಕೇಳಿ. ‘ಅನಗತ್ಯವಾಗಿಯೂ, ಅಜಾಗರೂಕತೆಯಿಂದಲೂ, ಅನುಭವವಿಲ್ಲದೆಯೂ ಚುಚ್ಚಿರುವುದರಿಂದ, ವಿಚಾರಣೆ ಮುಗಿಯುವವರೆಗೆ ಸದರಿಯವಳನ್ನು ಸೂಜಿ ಕೋಣೆಯಿಂದ ಹೊರಗಿಡಬೇಕಾಗಿ...’ ಹೆಂಗಿದೆ? ಮೂರು ‘ಅ’ ಬಂತು ನೋಡಿ. ಅಕ್ಕನ ಪದ್ಯದ ಥರ ಇಲ್ವಾ?”

“ಆ ಹುಡುಗಿ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿಲ್ವಂತೆ ಕಣಯ್ಯ. ಇದು ಬೇಕಾ?”

“ಅದಕ್ಕೇ ಬೇಕು. ಈಗ್ಲೇ ತಿದ್ದಬೇಕು.”

“ನಾನು ಸಹಿ ಹಾಕಲ್ಲ.”

“ಬೇಡ ಬಿಡಿ. ರೋಗಿಯ ಸಂಬಂಧಿ ಅಂತ ನಾನೇ ಹಾಕ್ತೀನಿ. ನಿಯಮ ಏಳರ ಎರಡನೇ ಕಲಮು. ನಿಮಗೆ ದಯೆ ಜಾಸ್ತಿ, ಅದು ನಂಗೊತ್ತು.”

ದಯೆ ಎಂಬ ಮಾತು ಚುಚ್ಚಣ್ಣನಿಗೆ ಪಕ್ಕೆಯಲ್ಲೇ ಚುಚ್ಚಿತು. ಎದ್ದು ಅಡಿಗೆಮನೆಗೆ ಹೋದ. ಹೆಂಡತಿ ಪಾತ್ರೆ ಒರೆಸುತ್ತಿದ್ದಳು. ಬಾಗಿಲು ಮುಂದಕ್ಕೆಳೆದು, ನೀರಿನ ಡ್ರಮ್ಮಿನ ಪಕ್ಕ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿಬಿಟ್ಟ: ಕತ್ತರಿ ಡಾಕ್ಟರು ಬೇಡವೆಂದದ್ದು, ಟಾರ್ಪಾಲು, ಚುಕ್ಕಿಯಿಟ್ಟ ಸಹಿ, ಎರಡು ಕಡೆ ಚುಚ್ಚೆಂದದ್ದು, ಎಲ್ಲ. ಮೂಸಲು ಕೇಳಿದ್ದನ್ನೂ ಬಿಡಲಿಲ್ಲ.

ಅವಳ ಕೈಯ ಬಟ್ಟೆ ತಟ್ಟೆಯ ಮೇಲೆ ನಿಂತಿತು.

“ಅವರು ಬೇಡ ಅಂದ್ರು.”

“ಹ್ಞೂಂ.”

“ಹಿಂಗಾಗಬಹುದು ಅಂತಲೂ ಹೇಳಿದ್ರು.”

“ನೂರಕ್ಕೆ ಇಬ್ರು ಮೂವರಿಗೆ ಅಂದ್ರು. ನೂರು ಮೂಟೇಲಿ ಎರಡು ಮೂರು ಹಾಳಾಗಿದ್ರೂ ನಾವು ಇಡೀ ಲಾರಿನ ಪಾಸ್ ಮಾಡ್ತಿದ್ವಿ ಕಣೇ.”

“ನೀವು ಮೂಟೇನಾ?”

ಅವನು ಡ್ರಮ್ಮಿನ ಮುಚ್ಚಳ ಸರಿಮಾಡಿದ.

“ಇಪ್ಪತ್ತು ತಿಂಗಳು ಆ ಆಸ್ಪತ್ರೆಯವರಿಗೆ ಒಳ್ಳೇದು ಮಾಡಪ್ಪಾ ಅಂತ ದಿನಾ ಬೇಡ್ಕೊಂಡೆ. ನಿನ್ನೆ ಒಂದಿನ, ಒಂದೇ ದಿನ, ಆ ಹುಡುಗಿಗೆ ಶಾಪ ಹಾಕಿದೆ. ಪದ್ಯ ಹೇಳೋ ಬಾಯಲ್ಲೇ ಹಾಕಿದೆ. ಅದನ್ನ ಈಗ ಹೆಂಗ್ರೀ ವಾಪಸ್ ತಗೊಳ್ಳೋದು?” ತಟ್ಟೆಯನ್ನು ಕುಕ್ಕಿದಳು. “ಆರು ವಾರ ಮುಚ್ಚಿಟ್ರಲ್ಲ, ಅದೂ ಇದಕ್ಕೇನಾ? ನಾನು ಬೈತೀನಿ ಅಂತಾನಾ?”

“ಹ್ಞೂಂ.”

“ಸತ್ತಿದ್ರೆ?”

“ಬೈಗುಳ ತಪ್ತಿತ್ತು” ಎಂದ.

ಅವಳಿಗೆ ನಗು ಬಂತು. ಬರಬಾರದಿತ್ತು, ಬಂತು. ಅದನ್ನು ಮುಚ್ಚಲು ಮುಖ ತಿರುಗಿಸಿದಳು, ಭುಜ ಅಲುಗಿತು, ಸ್ವಲ್ಪ ಹೊತ್ತಿಗೆ ಅದು ನಗುವಾಗಿ ಉಳಿಯಲಿಲ್ಲ. ಚುಚ್ಚಣ್ಣ ಅವಳ ಬೆನ್ನ ಮೇಲೆ ಕೈ ಇಡಲು ಹೋದ. ಅವಳು ಒದ್ದೆ ಬಟ್ಟೆಯಲ್ಲೇ ಆ ಕೈಗೊಂದು ಬಾರಿಸಿ, ಅದೇ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು.

“ಮಂಗಳವಾರ ನಾನು ಬರ್ತೀನಿ ಜೊತೆಗೆ. ಅದು ಬೇರೆ ವಿಷಯ” ಎಂದಳು.

ಹೊರಗಿನಿಂದ ಕಾಗದ ಮಡಿಸುವ ಸದ್ದು. “ಅಕ್ಕಾ, ಗೋಂದು ಇದೆಯಾ? ನಾಲ್ಕು ಗಂಟೆಗೆ ಅಂಚೆ ಕಚೇರಿ ಮುಚ್ಚತ್ತೆ, ಆರು ಲಕೋಟೆ ಅಂಟಿಸಬೇಕು.”

ಗೋಡೆಯ ಗಡಿಯಾರ ಮೂರು ದಾಟಿತ್ತು. ಚುಚ್ಚಣ್ಣ ದನಿ ತಗ್ಗಿಸಿದ.

“ಅವನನ್ನ ತಡೀಬೇಕು ಕಣೇ. ಆ ಮಗೂನ ಕೆಲಸಕ್ಕೆ ಕಲ್ಲು ಬೀಳತ್ತೆ.”

“ತಡೀರಿ.”

“ನಾನಾ? ಅವನಿಗಾ? ಮೂವತ್ತು ವರ್ಷದಿಂದ ‘ಜೊಳ್ಳು’ ಅಂತ ಕರ್ದಿದೀನಿ ಕಣೇ ಅವನನ್ನ. ಈಗ ಹೋಗಿ, ಅಪ್ಪಾ, ನಾನೇ ಕೇಳಿ ಚುಚ್ಚಿಸಿಕೊಂಡೆ ಅಂತ ಹೇಳಿದ್ರೆ, ನಾನು ಸಾಯೋ ತನಕ ಬಿಡಲ್ಲ ಅವನು. ಸತ್ತ ಮೇಲೂ ಆರು ಪ್ರತಿ ಕಳಿಸ್ತಾನೆ.”

“ಕಳಿಸ್ಲಿ.”

“ನೀನು ಅಕ್ಕ. ನಿನ್ನ ಮಾತು ಕೇಳ್ತಾನೆ. ಡಾಕ್ಟ್ರು ಹೇಳಿದ್ದನ್ನ ಇವರು ಸ್ವಲ್ಪ ತಪ್ಪು ತಿಳ್ಕೊಂಡಿದ್ರಂತೆ ಅಂತ... ತಪ್ಪು ಅಂತಲೂ ಬೇಡ, ಏನೋ ಗೊಂದಲ ಆಯ್ತಂತೆ ಅಂತ. ನಿನ್ನ ಬಾಯಲ್ಲಿ ಬಂದ್ರೆ ಮೆತ್ತಗಿರತ್ತೆ. ಕೈಮುಗೀತೀನಿ. ಇದೊಂದು ಹೇಳು, ಜೀವಮಾನದಲ್ಲಿ ಇನ್ನೇನೂ ಕೇಳಲ್ಲ.”

ನಿಜವಾಗಿಯೂ ಕೈಮುಗಿದಿದ್ದ. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿತ್ತು, ಬೆವರು ಗದ್ದದಲ್ಲಿ ನಿಂತಿತ್ತು. ಹೊರಗೆ ಅರ್ಜಿ ಕುರ್ಚಿ ಹಿಂದೆ ಸರಿಸಿದ, ಚಪ್ಪಲಿ ಹುಡುಕಿದ. “ಅಕ್ಕಾ, ಗೋಂದು ದಾರೀಲೇ ತಗೋತೀನಿ ಬಿಡು, ನಾ ಹೊರಟೆ” ಎಂದ.

ಅವಳು ಬಟ್ಟೆಯನ್ನು ಹಿಂಡಿ, ಕೊಡವಿ, ಕಂಬಿಯ ಮೇಲೆ ಹಾಕಿದಳು. ಅಡಿಗೆಮನೆಯ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲವಾಗಿ ತೆರೆದಳು.

“ಇಲ್ಲ ರೀ” ಎಂದಳು. “ನಾನು ಹೇಳಲ್ಲ.”